ಅವಸರವಿಲ್ಲದ ಪ್ರವಾಸ

ನಿವೃತ್ತರಾದ ಪದ್ಮಾಕರರು ಹೆಂಡತಿ ವಸುಮತಿಯನ್ನು ಕೂರಿಸಿಕೊಂಡು ಮೈಸೂರಿನಿಂದ ಕನ್ಯಾಕುಮಾರಿಗೆ ಕಾರಿನಲ್ಲಿ ಹೊರಟಿದ್ದರು. ಸೈಕಲ್ಲಿಗೂ ದಾರಿ ಬಿಡುವಷ್ಟು ನಿಧಾನದ ಪ್ರವಾಸ.

ದಿಂಡಿಗಲ್ ದಾಟಿ ಕಾಫಿಗೆ ನಿಲ್ಲಿಸಿದಾಗ ವಸುಮತಿ ಸಿಡುಕಿದರು. "ಮದುವೆಯಾದಾಗಿನಿಂದ ನನ್ನ ಒಂದು ಮಾತಾದ್ರೂ ಪೂರ್ತಿ ಕೇಳಿದ್ದೀರೇನ್ರೀ?" ಎಂದವರೇ ಎದ್ದುಹೋದರು. ಪದ್ಮಾಕರರು ಕಾಫಿ ಮುಗಿಸಿ ಬಂದರೆ, ಹಿಂದಿನ ಸೀಟಿನಲ್ಲಿ ಶಾಲಿನ ಮುಸುಕು ಕಂಡಿತು. ಸದ್ದಿಲ್ಲದೆ ಕಾರು ಹೊರಡಿಸಿದರು.

ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. "ನಂದೇ ತಪ್ಪು ಕಣೇ. ನಾನೊಬ್ಬ ಬಾಯಿಬಡುಕ. ನೀನು ಬಾಯಿ ತೆಗೆಯೋಕೆ ಮುಂಚೆನೇ ಉತ್ತರ ಕೊಡೋ ದಡ್ಡ. ಇನ್ಮೇಲೆ ನೀನು ಹೇಳು, ನಾನು ಕೇಳ್ತೀನಿ." ಹಿಂದಿನಿಂದ ಹೂಂ ಕೂಡ ಬರಲಿಲ್ಲ. ಈ ಸಲ ಕೋಪ ಜೋರಾಗಿಯೇ ಇದೆ ಎಂದುಕೊಂಡು ಇನ್ನಷ್ಟು ಬೇಡಿಕೊಂಡರು. ಅವರ ಕಣ್ಣೂ ಒದ್ದೆಯಾಯಿತು.

ಮಧುರೈ ಹತ್ತಿರವಾದಾಗ ಫೋನ್ ಬಂತು. ಹೆಂಡತಿಯದು! ಗಾಬರಿಯಿಂದ ಕಾರು ನಿಲ್ಲಿಸಿ ಶಾಲು ಎಳೆದರೆ, ಅಡಿಯಲ್ಲಿದ್ದದ್ದು ಎರಡು ದಿಂಬು.

"ಅಯ್ಯೋ, ನಿನ್ನ ಹೋಟ್ಲಲ್ಲೇ ಬಿಟ್ಟು ಬಂದ್ನಲ್ಲೇ! ಅಲ್ಲೇ ಇರು, ವಾಪಸ್ ಬರ್ತೀನಿ."

"ಬೇಡ, ನಾನು ಬಸ್ಸು ಹತ್ತಿ ಆಗ್ಲೇ ಮಧುರೈ ಸೇರಿದೀನಿ. ದಾರೀಲಿ ನಿಮ್ಮ ಕಾರು ಕಾಣಿಸ್ತು, ಕಿಟಕಿಯಿಂದ ಕೈಯೂ ಬೀಸ್ದೆ. ನೀವು ಯಾರ ಜೊತೆಗೋ ಮಾತಾಡ್ತಾ ಇದ್ರಿ."