ವಾಪಸ್ಸು ಹೋದ ಹಾಲು

"ಅಲ್ಲ್ಯಾಕೆ ಕೂರ್ತೀಯೇ, ಮೇಲೆ ಬಾ," ಎಂದು ಕೆಂಜೆ ಅಜ್ಜಿ ಹಿರಿಯರು ಕೂರುವ ಹಿಂದಿನ ಗೋಡೆಯ ಕಡೆ ಕೈ ತೋರಿಸಿದಳು. ಬಾಗಿಲ ಪಕ್ಕ ಚಹಾದ ನೀರು ಕುದಿಯುವ ಸಮೋವರಿನ ಮುಂದೆ ಮಂಡಿಯೂರಲು ಹೊರಟಿದ್ದ ಬುರುಲ್ಚಾ ಅರ್ಧಕ್ಕೇ ನಿಂತಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಯಾರ ಮನೆಯ ಊಟವಾದರೂ ಅವಳ ಜಾಗ ಅದೇ, ಸೊಸೆಯಂದಿರ ಸಾಲಿನಲ್ಲಿ, ವಾರಗಿತ್ತಿ ಜೂರಾಕಾನಳ ಮಗ್ಗುಲಿಗೆ. ಜೂರಾಕಾನ್ ಚಹಾ ಬಗ್ಗಿಸುವುದು, ಇವಳು ಹಾಲು ಸೇರಿಸಿ ಮುಂದಕ್ಕೆ ದಾಟಿಸುವುದು.

"ಡೈರಿಗೆ ಯಜಮಾನಿ ಆದವಳು ಬಾಗಿಲಲ್ಲಿ ಕೂತ್ರೆ ನನ್ನ ಮೊಮ್ಮಗನ ತೊಟ್ಟಿಲ ಊಟಕ್ಕೇ ಅವಮಾನ," ಎಂದಳು ಅಜ್ಜಿ.

ಬುರುಲ್ಚಾ ವಾರಗಿತ್ತಿಯ ಮುಖ ನೋಡಿದಳು. ಜೂರಾಕಾನ್ ಸಮೋವರಿನ ನಲ್ಲಿಯನ್ನು ಒರೆಸುತ್ತಿದ್ದಳು. "ಹೋಗು, ಹೋಗು," ಎಂದಳು ತಲೆ ಎತ್ತದೆ. "ಇಲ್ಲಿ ಕೂತ್ರೆ ಚಹಾದ ಹಾಲನ್ನೂ ಮೂಸಿ ನೋಡ್ತೀಯ." ಸೊಸೆಯಂದಿರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಹಿಂದಿನ ದಿನ ಬೆಳಿಗ್ಗೆ ಡೈರಿಯ ಮುಂದೆ ಸಾಲು ನಿಂತಿತ್ತು. ಜೂರಾಕಾನಳ ಕ್ಯಾನಿನ ಮುಚ್ಚಳ ತೆಗೆದು ಮೂಸಿದ ಬುರುಲ್ಚಾ, "ಇಲ್ಲ ಅಕ್ಕ, ಇದು ಆಗಲ್ಲ," ಎಂದಿದ್ದಳು. ಅಷ್ಟೇ. ಚಳಿಗಾಲದಲ್ಲಿ ನಾರಿನ್ ಪಟ್ಟಣಕ್ಕೆ ತರಬೇತಿಗೆ ಹೋಗಿದ್ದಾಗ ಕಲಿಸಿದ್ದು ಹಾಗೆ. ಮೇಲಿನ ಕೆಲಸಕ್ಕೆ ಏರಿದವರು ಇಲ್ಲ ಎನ್ನಬೇಕಾದಾಗ ಇಲ್ಲ ಎಂದು ಸುಮ್ಮನಾಗಬೇಕು. ಅದರ ಹಿಂದೆ ಕಾರಣ, ಸಮಾಧಾನ, ತಪ್ಪಾಯ್ತು ಎಂದೆಲ್ಲ ಪೋಣಿಸುತ್ತ ಹೋದರೆ ಜನ ಆ ದಾರ ಹಿಡಿದೇ ಎಳೆಯುತ್ತಾರೆ. ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿರದ ಬುರುಲ್ಚಾ ಅದನ್ನು ಹಾಲು ಕರೆಯುವಾಗ ಹಸುವಿನ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳು. ಜೂರಾಕಾನ್ ಸ್ವಲ್ಪ ಹೊತ್ತು ಕಾದಳು. ಇನ್ನೇನೂ ಬರಲಿಲ್ಲ. ಕ್ಯಾನು ಎತ್ತಿಕೊಂಡು ಇಡೀ ಸಾಲನ್ನು ದಾಟಿಕೊಂಡು ಹೋದಳು. ಅವಳು ಮನೆ ಮುಟ್ಟುವ ಮೊದಲೇ ಊರು ತಾನೇ ಒಂದು ಕಾರಣ ಹುಡುಕಿಕೊಂಡಿತ್ತು: ಹಾಲಿಗೆ ನೀರು ಬೆರೆಸಿದ್ದಾಳೆ.

ಮೇಲಿನ ಸಾಲಿನಲ್ಲಿ ಬುರುಲ್ಚಾಳ ಒಂದು ಪಕ್ಕ ಕುದುರೆಗಳ ಬಗ್ಗೆಯೇ ಮಾತಾಡುವ ಮುದುಕರು, ಇನ್ನೊಂದು ಪಕ್ಕ ಕಿವಿ ಕೇಳದ ಒಬ್ಬ ಮುದುಕಿ. ದೊಡ್ಡ ಅತಿಥಿಗೆಂದು ಎತ್ತಿಡುವ ಕುರಿಯ ಮೂಳೆ ಅವಳ ತಟ್ಟೆಗೇ ಬಂತು. ಬಾಗಿಲ ಹತ್ತಿರ ಸೊಸೆಯಂದಿರು ಯಾವುದಕ್ಕೋ ನಗುತ್ತಿದ್ದರು. ಮಾತು ಇಲ್ಲಿಯವರೆಗೆ ಕೇಳುತ್ತಿರಲಿಲ್ಲ. ಜೂರಾಕಾನ್ ಬಕೆಟ್ಟು ಹಿಡಿದು ಅಂಗಳಕ್ಕೆ ಹೋದದ್ದು ಕಂಡಿತು. ಬುರುಲ್ಚಾ ಎದ್ದು ಹಿಂದೆಯೇ ಹೋದಳು.

"ಅಕ್ಕ, ನೀರು ಬೆರೆಸಿದ್ದೀಯ ಅಂತ ನಾನು ಅಂದಿಲ್ಲ."

"ಅನ್ನಲಿಲ್ಲ. ನೀನು ಏನೂ ಅನ್ನಲಿಲ್ಲ. ಅದಕ್ಕೇ ಎಲ್ಲರೂ ಅಂತಿದಾರೆ."

"ಹುಳಿ ವಾಸನೆ ಬರ್ತಿತ್ತು ಕಣಕ್ಕ. ಒಂದು ಕ್ಯಾನು ಸೇರಿದ್ರೆ ಇಡೀ ಊರಿನ ಹಾಲು ಚೆಲ್ಲಬೇಕು."

"ಇದನ್ನ ನಿನ್ನೆ ಕಿವೀಲಿ ಹೇಳಿದ್ರೆ ನಾನೇ ಕರುಗಳಿಗೆ ಸುರಿದುಬಿಡ್ತಿದ್ದೆ." ಜೂರಾಕಾನ್ ಬಕೆಟ್ಟು ತುಂಬಿಸಿಕೊಂಡಳು. "ನಾಳೆನೂ ಹಾಗೇ ಇದ್ರೆ ಏನು ಮಾಡ್ತೀಯ?"

"ನಾಳೆನೂ ವಾಪಸ್ಸೇ ಅಕ್ಕ. ಆದ್ರೆ ಯಾಕೆ ಅಂತ ಹೇಳ್ತೀನಿ."

ಜೂರಾಕಾನ್ ಅವಳನ್ನು ನೋಡಿದಳು. ಸಿಟ್ಟು ಬಂದ ಹಾಗಿರಲಿಲ್ಲ. "ನಾಳೆದು ನಾಳೆಗಾಯ್ತು. ಒಳಗೆ ಕೂತಿರೋ ಅಷ್ಟು ಜನಕ್ಕೆ ಏನು ಹೇಳ್ತೀಯ?" ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಬುರುಲ್ಚಾ ಮೇಲಿನ ಸಾಲಿಗೆ ಹೋಗಿ, ಕೂರದೆ, ನಿಂತೇ ಮಾತಾಡಿದಳು. ಅಷ್ಟು ಜನರ ನಡುವೆ ಅವಳು ದನಿ ಎತ್ತಿದ್ದು ಅದೇ ಮೊದಲು. "ಎಲ್ಲರೂ ಕೇಳಿ. ಜೂರಾಕಾನ್ ಅಕ್ಕನ ಹಾಲಿಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಹಾಗೆ ಅಂದವರು ಮಾತು ವಾಪಸ್ಸು ತಗೊಳ್ಳಿ. ಕ್ಯಾನಿನ ಕಂಠದಲ್ಲಿ ಹಳೇ ಹಾಲು ಕೂತು ಹುಳಿ ಹಿಡಿದಿತ್ತು, ಅಷ್ಟೇ."

ಕುದುರೆ ಮಾತಿನ ಮುದುಕರಲ್ಲೊಬ್ಬ ಮೂಳೆ ಕೆಳಗಿಟ್ಟು, "ಹಾಗಾದ್ರೆ ನೀರು ಕ್ಯಾನಿಗೂ ಬಿದ್ದಿರಲಿಲ್ಲ ಅನ್ನು!" ಎಂದ.

ನಗು ಮೇಲಿನ ಸಾಲಿನಿಂದ ಶುರುವಾಗಿ ಬಾಗಿಲ ತನಕ ಹರಿಯಿತು. ಸೊಸೆಯಂದಿರೂ ತಡೆದುಕೊಳ್ಳಲಾರದೆ ನಕ್ಕರು. ಬುರುಲ್ಚಾ ನಿಂತೇ ಇದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ, ಕುದಿನೀರು ಹೊಯ್ದು ಕ್ಯಾನು ತಿಕ್ಕುವುದನ್ನು ಕೈ ಹಿಡಿದು ಕಲಿಸಿದವಳು ಜೂರಾಕಾನ್. ನೀರು ಬೆರೆಸಿದವಳು ಎನ್ನಿಸಿಕೊಂಡು ಅವಳು ಬದುಕಿಯಾಳು. ಕೊಳೆ ಪಾತ್ರೆಯವಳು ಎನ್ನಿಸಿಕೊಂಡು ಹೇಗೆ?

ಆಗ ಜೂರಾಕಾನ್ ಎದ್ದಳು. ಯಾರ ಕೈಗೂ ದಾಟಿಸದೆ, ಚಹಾದ ಬಟ್ಟಲನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ಎಲ್ಲರ ಮಂಡಿಗಳ ನಡುವೆ ದಾರಿ ಮಾಡಿಕೊಂಡು ಮೇಲಿನ ಸಾಲಿಗೆ ಬಂದಳು. "ತಗೋ, ಬಿಸಿ ಇದೆ," ಎಂದಳು. ದನಿ ಮೆತ್ತಗಿತ್ತು. ಬುರುಲ್ಚಾಳ ಕಣ್ಣು ತುಂಬಿ ಬಂತು. ಕೈ ಚಾಚಿದ ಮೇಲೆಯೇ ಅವಳು ಬಟ್ಟಲಿನ ಒಳಗೆ ನೋಡಿದ್ದು.

ಅಂಚಿನವರೆಗೆ ತುಂಬಿತ್ತು.

ಆ ಊರಲ್ಲಿ ಬಟ್ಟಲು ತುಂಬ ಚಹಾ ಯಾರೂ ಕೊಡುವುದಿಲ್ಲ. ಅರ್ಧ ಕೊಟ್ಟು, ಮುಗಿದೊಡನೆ ಕೇಳಿ, ಮತ್ತೆ ಅರ್ಧ ಕೊಟ್ಟು, ಹಾಗೇ ಕೂರಿಸಿಕೊಳ್ಳುತ್ತಾರೆ. ತುಂಬ ಕೊಟ್ಟರೆ, ಕುಡಿದು ಹೊರಡು ಎಂದು ಅರ್ಥ. ಜೂರಾಕಾನ್ ಆಗಲೇ ತಿರುಗಿ ಸಮೋವರಿನ ಕಡೆ ಹೊರಟಿದ್ದಳು. ಬುರುಲ್ಚಾ ಗೋಡೆಗೆ ಒರಗಿ ಕೂತಳು. ಬಟ್ಟಲು ಖಾಲಿಯಾಗುವ ತನಕ ಏಳಬೇಕಾಗಿರಲಿಲ್ಲ. ತುಟಿಯನ್ನಷ್ಟೇ ತಾಗಿಸಿ ತಾಗಿಸಿ, ಕೆನೆ ಕಟ್ಟಿ ತಣ್ಣಗಾದ ಮೇಲೂ, ಅವಳು ಆ ಚಹಾ ಕುಡಿಯುತ್ತಲೇ ಇದ್ದಳು.