ಮಾಳವ್ವ ದಾರಿಯಲ್ಲಿ ಬರೆದುಕೊಂಡ ಪದಗಳು

ಎರಡು ನಿಮಿಷ ಬಿಡುವಿದ್ದಾಗ ಓದಿ... ಅವಸರದಲ್ಲಿ ಓದುವ ಕಥೆಯಲ್ಲ ಇದು.

ಕೃಷ್ಣೆಯ ದಂಡೆಯ ಕಡೆ ಒಂದು ಹಳ್ಳಿ. ಅಲ್ಲಿನ ಶಾಲೆಯಲ್ಲಿ ಗುರುಪಾದಪ್ಪ ಮಾಸ್ತರರು ಇಂಗ್ಲಿಷ್ ಕಲಿಸುತ್ತಿದ್ದರು.

ಒಳ್ಳೆಯ ಮನುಷ್ಯ... ಆದರೆ ನಿಯಮದ ವಿಷಯಕ್ಕೆ ಬಂದರೆ ಗುಂಡುಕಲ್ಲು.

ಅವತ್ತು ಆರನೇ ಕ್ಲಾಸಿಗೆ ಸ್ಪೆಲ್ಲಿಂಗ್ ಪಾಠ.

"ಐ, ಇ ಎರಡೂ ಜೋಡಿಯಾಗಿ ಬಂದ್ರ ಐ ಮೊದಲು. ಫ್ರೆಂಡ್ ಬರದು ನೋಡ್ರಿ. ಹಿಂದ ಸಿ ಇದ್ರ ಮಾತ್ರ ಇ ಮೊದಲು. ರಿಸೀವ್ ಬರೀರಿ."

ಮಕ್ಕಳೆಲ್ಲ ರಾಗ ಎಳೆದು ಬಾಯಿಪಾಠ ಮಾಡಿದರು. ಕುರಿಗಾರ ಕರಿಸಿದ್ದಪ್ಪನ ಮಗಳು ಮಾಳವ್ವ ಮಾತ್ರ ಎದ್ದು ನಿಂತಳು.

"ಸರ್, ಇದು ಎಂದೂ ತಪ್ಪೂದ ಇಲ್ಲೇನ್ರಿ?"

"ತಪ್ಪೂದಿಲ್ಲ. ತಪ್ಪಿದ್ದು ಎಲ್ಲೆರ ಕಂಡ್ರ ಬರಕೊಂಡು ಬಾ, ನಾನೂ ನೋಡ್ತೀನಿ!"

ಕ್ಲಾಸೆಲ್ಲ ನಕ್ಕಿತು...

ದೀಪಾವಳಿ ಮುಗಿಯಿತು. ಕುರಿ ಹಿಂಡು ಮೇವು ಹುಡುಕುತ್ತ ಊರು ಬಿಟ್ಟಿತು. ಕುದುರೆಯ ಮೇಲೆ ಪಾತ್ರೆ, ಹಾಸಿಗೆ, ಆಗತಾನೆ ಹುಟ್ಟಿದ ಮರಿಗಳು. ಹಿಂದೆ ಮಾಳವ್ವ, ಹೆಗಲಿಗೆ ಪಾಟಿಚೀಲ.

ನಾಲ್ಕು ತಿಂಗಳು ಅವಳ ಜಾಗ ಖಾಲಿ.

ವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಇಷ್ಟು ದಿನ ಬಾರದವರ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯುವುದು ಆ ಶಾಲೆಯ ಪದ್ಧತಿ.

ಹೆಸರು ಹೋದರೆ ಪರೀಕ್ಷೆ ಇಲ್ಲ... ಏಳನೇ ಕ್ಲಾಸಿಲ್ಲ... ಕುರಿಗಾರರ ಎಷ್ಟೋ ಹೆಣ್ಣುಮಕ್ಕಳ ಓದು ನಿಂತದ್ದು ಹೀಗೆಯೇ.

ಕ್ಲಾಸಿನಲ್ಲಿ ಮಕ್ಕಳ ಎದುರೇ ಮಾಸ್ತರರು ಹಾಜರಿ ಪುಸ್ತಕ ತೆರೆದು ಕೆಂಪು ಪೆನ್ನು ಕೈಗೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಅಪ್ಪ ಮಗಳು ಬಂದು ಬಾಗಿಲಲ್ಲಿ ನಿಂತರು.

"ಏನ್ ಕರಿಸಿದ್ದಪ್ಪ, ದಾರಿ ತಪ್ಪಿ ಈ ಕಡಿ ಬಂದ್ರೇನು?"

"ವರ್ಷಾನುಗಟ್ಟಲೆ ದಾರ್ಯಾಗ ಇರವ್ರು ನಾವು, ದಾರಿ ಹೆಂಗ ತಪ್ಪತೈತ್ರಿ ಮಾಸ್ತರ್ರ? ಹುಡುಗಿ ಪರೀಕ್ಷಾ ಬರೀಬೇಕಂತಾಳ್ರಿ."

"ತಡ ಆತಪ್ಪ. ಹೆಸರು ತಗೀಬೇಕು. ನನ್ನ ಕೈಯಾಗ ಏನೂ ಇಲ್ಲ."

ಮಾಳವ್ವ ಅಳಲಿಲ್ಲ. ಪಾಟಿಚೀಲದಿಂದ ಒಂದು ಮಾಸಿದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು.

"ಸರ್... ತಪ್ಪಿದ್ದು ಭಾಳ ಕಂಡಾವ್ರಿ. ಬರಕೊಂಡು ಬಂದೀನಿ."

ಹೆದ್ದಾರಿಯಲ್ಲಿ ಲಾರಿ ತೂಗುವಲ್ಲಿ 'ವೇ ಬ್ರಿಡ್ಜ್' (Weigh Bridge) ಎಂಬ ಬೋರ್ಡು. ಇ ಮೊದಲು... ಹಿಂದೆ ಸಿ ಇಲ್ಲವೇ ಇಲ್ಲ!

ರೈಲ್ವೆ ಸೇತುವೆಯ ಕೆಳಗೆ 'ಹೈಟ್'. ಅಲ್ಲೂ ಹಾಗೆಯೇ. ಕೋಳಿ ಆಹಾರದ ಚೀಲದ ಮೇಲೆ 'ಪ್ರೋಟೀನ್'.

ಕಾಲೇಜಿನ ಗೇಟಿನಲ್ಲಿ 'ಸೈನ್ಸ್'... ಹಿಂದೆ ಸಿ ಇದೆ, ಆದರೂ ಐ ಮೊದಲು!

ಒಟ್ಟು ಹದಿನೇಳು ಪದ. ಪ್ರತಿಯೊಂದರ ಪಕ್ಕ, ಆ ದಿನ ಹಿಂಡು ಇಳಿದ ಊರಿನ ಹೆಸರು.

ಹುಡುಗಿ ತಪ್ಪು ನೋಡಿ ಬರೆದಿರಬೇಕೆಂದು ಮಾಸ್ತರರು ಡಿಕ್ಷನರಿ ತೆಗೆದರು. ಒಂದು ಪದ ನೋಡಿದರು... ಇನ್ನೊಂದು... ಮತ್ತೊಂದು... ಎಲ್ಲವೂ ಸರಿ.

ಆ ಪದಗಳನ್ನು ತಾವೇ ಸಾವಿರ ಸಲ ಬರೆದಿದ್ದರು. ಪಾಠ ಮಾಡಿದ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ನಿಯಮದ ಪಕ್ಕ ಇಟ್ಟು ನೋಡಿರಲಿಲ್ಲ!

"ಸರ್ ತಪ್ಪಿದ್ರೋ..." ಎಂದು ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು. ಮಾಳವ್ವನಿಗೆ ಅದು ಬೇಕಿರಲಿಲ್ಲ. ಅವಳಿಗೆ ಬೇರೆಯೇ ಕುತೂಹಲ.

"ಸರ್, ನಿಯಮಕ್ಕ ಹೊಂದಂಗಿಲ್ಲಂತ ಈ ಶಬ್ದ ಡಿಕ್ಷನರಿಯಿಂದ ತಗದು ಹಾಕ್ತಾರೇನ್ರಿ?"

"ಇಲ್ಲವ್ವ..."

"ಮತ್ತೇನ್ ಮಾಡ್ತಾರ್ರಿ?"

"ಒಂದೊಂದನ್ನ... ನೆನಪಿಟ್ಕೋತಾರ."

ಕರಿಸಿದ್ದಪ್ಪ ಬಾಗಿಲಲ್ಲೇ ನಕ್ಕ.

"ಇದು ನಮ್ಮ ಹಿಂಡಿನಂಗ ಆತಲ್ರಿ ಮಾಸ್ತರ್ರ! ಕೂಗಿದ್ರ ಎಲ್ಲಾ ಕುರಿ ಬರ್ತಾವು. ಅವಕ್ಕ ಹೆಸರಿಲ್ರಿ, ಬೇಕಾಗಂಗೂ ಇಲ್ಲ."

ಅವನೇ ಮುಂದುವರಿಸಿದ: "ಕೂಗಿದ್ರ ಬರಲಾರದವು ಮೂರ್ನಾಕು ಇರ್ತಾವು ನೋಡ್ರಿ... ಅವಕ್ಕಷ್ಟ ಹೆಸರಿಟ್ಟೀವಿ. ಹೆಸರು ಹಿಡದು ಕರಕೊಂಡು ಬರ್ತೀವಿ."

ಮಾಸ್ತರರು ಹಾಜರಿ ಪುಸ್ತಕದ ಕಡೆ ನೋಡಿದರು.

ಇಷ್ಟು ವರ್ಷ ಈ ಕೈ ಹೆಸರಿನ ಮೇಲೆ ಗೆರೆ ಎಳೆದ ಮಕ್ಕಳು ಎಷ್ಟು ಜನ? ಒಬ್ಬರ ಹೆಸರನ್ನಾದರೂ ನೆನಪಿಸಿಕೊಳ್ಳಲು ನೋಡಿದರು...

ಒಂದೂ ಬರಲಿಲ್ಲ.

ಕಣ್ಣು ತುಂಬಿ ಬಂತು. "ಶಿವನೇ..." ಎಂದು ಪೆನ್ನಿನ ಬಾಯಿ ಮುಚ್ಚಿದರು.

"ಒಳಗ ಬಾ ಮಾಳವ್ವ, ನಿನ್ನ ಜಾಗದಾಗ ಕುಂದ್ರು. ಪರೀಕ್ಷಾ ಬರಿ. ಮೇಲಿನವ್ರು ಕೇಳಿದ್ರ ನಾ ಉತ್ತರ ಕೊಡ್ತೀನಿ."

ಆಮೇಲೆ ಒಂದು ಹೊಸ ಹಾಳೆ ತೆಗೆದರು.

"ಕರಿಸಿದ್ದಪ್ಪ, ನೀವೂ ಒಳಗ ಬರ್ರಿ. ಬರೂ ವರ್ಷ ಯಾವ್ಯಾವ ಊರಾಗ ಹಿಂಡು ಇಳೀತೈತಿ ಹೇಳ್ರಿ. ಪಾಠ ಅಲ್ಲಿಗೇ ಕಳಸೂಣು."

ಕರಿಸಿದ್ದಪ್ಪ ಚಪ್ಪಲಿ ಹೊರಗೆ ಬಿಟ್ಟ. ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ಜೀವನದಲ್ಲಿ ಮೊದಲ ಸಲ ಶಾಲೆಯ ಬೆಂಚಿನ ಮೇಲೆ ಕುಳಿತ.

ಅವನು ಊರುಗಳ ಹೆಸರು ಹೇಳುತ್ತ ಹೋದ... ಮಾಸ್ತರರು ತಲೆ ಬಗ್ಗಿಸಿ ಬರೆದುಕೊಳ್ಳುತ್ತ ಹೋದರು.

*ನಿಯಮಕ್ಕೆ ಹೊಂದುವವರನ್ನು ನಿಯಮವೇ ನೋಡಿಕೊಳ್ಳುತ್ತದೆ... ಹೊಂದದವರನ್ನು ಹೆಸರು ಹಿಡಿದು ಕರೆಯಲೆಂದೇ ಭಗವಂತ ನಮ್ಮನ್ನು ಇಟ್ಟಿದ್ದಾನೆ.*

ನಿಯಮದ ಹೆಸರಿನಲ್ಲಿ ನೀವು ಹೊರಗೆ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ? ಅವರ ಹೆಸರು ಇವತ್ತು ನಿಮಗೆ ನೆನಪಿದೆಯೇ?