ಇಪ್ಪತ್ತೆಂಟನೆಯ ಸೊನ್ನೆ

ಮಳೆ ಅಳೆಯುವ ತಾಮ್ರದ ಡಬ್ಬಿಯೊಳಗಿಂದ ಸೀಸೆಯನ್ನು ಮೇಲೆತ್ತಿದ ಅನಂತರಾಮು ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು. ಸೀಸೆಯ ಕುತ್ತಿಗೆಯವರೆಗೆ ನೀರು! ರಾತ್ರಿಯಿಡೀ ಒಂದು ಹನಿ ಬಿದ್ದಿಲ್ಲ. ಹಿತ್ತಿಲ ಮಣ್ಣು ಬೆಳಗ್ಗೆಯೇ ಕಾಲು ಸುಡುತ್ತಿತ್ತು.

ಬರದ ಕಾಯ್ದೆ ಬಂದಂದಿನಿಂದ ಹಾರನಹಳ್ಳಿಯ ಮಳೆ ಲೆಕ್ಕ ಮೇಷ್ಟ್ರ ಕುತ್ತಿಗೆಗೆ ಬಿದ್ದಿತ್ತು. ಬಿತ್ತನೆಯಾದ ಮೇಲೆ ಸತತ ಇಪ್ಪತ್ತೆಂಟು ದಿನ ಸೊನ್ನೆ ಬಂದರೆ ಸರ್ಕಾರ ಬರದ ಎಚ್ಚರಿಕೆ ಹೊರಡಿಸಬೇಕು, ವಾರದೊಳಗೆ ಊರಲ್ಲಿ ರಾಗಿ ಡಿಪೋ ತೆರೆಯಬೇಕು. ಇಪ್ಪತ್ತೇಳು ಸೊನ್ನೆ ಆಗಿತ್ತು. ಕಣಜಗಳೆಲ್ಲ ತಳ ಕಂಡಿದ್ದವು. ಇವತ್ತೊಂದು ದಿನ, ಅದೂ ಕಂದಾಯ ಇಲಾಖೆಯ ಶೇಕ್ದಾರರೇ ಬಂದು ರುಜು ಹಾಕುವ ದಿನ, ಈ ಹಾಳು ನೀರು ಎಲ್ಲಿಂದ ಬಂತು?

"ನಾನೇ ಕಣೋ ಹೊಯ್ದದ್ದು," ಎಂದರು ಬೇಲೂರಿನ ಮಗಳ ಮನೆಯಿಂದ ಮೊನ್ನೆಯಷ್ಟೇ ಬಂದಿದ್ದ ತಾಯಿ ಶ್ರೀರಂಗಮ್ಮ. "ನಿನ್ನೆ ಶುಕ್ರವಾರ. ದೀಪ ಹಚ್ಚೋ ಹೊತ್ತಲ್ಲಿ ಮನೇಲಿ ಯಾವ ಪಾತ್ರೇನೂ ಬರಿದಾಗಿರಬಾರದು. ಅದಕ್ಕೂ ಒಂದು ಚೊಂಬು ಹೊಯ್ದೆ."

"ಅಯ್ಯೋ, ಊರನ್ನೇ ಮುಳುಗಿಸಿಬಿಟ್ಟೆಯಲ್ಲಮ್ಮ!"

ಸೀಸೆಯಲ್ಲಿ ಇದ್ದಷ್ಟನ್ನೇ ಲೆಕ್ಕದ ಪುಸ್ತಕಕ್ಕೆ ಬರೆಯಬೇಕೆಂಬುದು ನಿಯಮ. ಬರೆದರೆ ಸೊನ್ನೆಗಳ ಸಾಲು ಮುರಿದು ಊರು ಉಪವಾಸ. ಬರೆಯದಿದ್ದರೆ ಸುಳ್ಳು ದಾಖಲೆ, ಕೆಲಸಕ್ಕೇ ಸಂಚಕಾರ. ಆದದ್ದಾಗಲಿ, ನೋಡುವವರು ಯಾರು ಎಂದು ಮೇಷ್ಟ್ರು ಸೀಸೆಯನ್ನು ಬಗ್ಗಿಸಿಯೇ ಬಿಟ್ಟರು. ನೀರು ಮಣ್ಣಿಗೆ ಬೀಳುವುದಕ್ಕೂ ಹಿತ್ತಿಲ ಬಾಗಿಲಲ್ಲಿ ಸೈಕಲ್ ನಿಲ್ಲುವುದಕ್ಕೂ ಸರಿಹೋಯಿತು.

"ಏನ್ ಮೇಷ್ಟ್ರೇ, ಚೆಲ್ತಾ ಇದೀರಿ?" ಎಂದರು ಶೇಕ್ದಾರ್ ದೇವೀರಪ್ಪ.

ಮೇಷ್ಟ್ರು ಖಾಲಿ ಸೀಸೆಯನ್ನು ಬೆನ್ನ ಹಿಂದೆ ಸರಿಸಿದರು. ಶ್ರೀರಂಗಮ್ಮನೇ ಮುಂದೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದೇವೀರಪ್ಪ ಲೆಕ್ಕದ ಪುಸ್ತಕ ತರಿಸಿಕೊಂಡು ಹಾಳೆ ತಿರುವಿದರು.

"ಮಳೆ ಬಂದಿಲ್ಲ ಅಂತ ನಂಗೂ ಗೊತ್ತು ತಾಯಿ. ನಮ್ಮ ಹೊಲದ ಪೈರೂ ಸುಟ್ಟೋಗೈತೆ. ಆದ್ರೆ ಇವತ್ತು ಚೆಲ್ಲಿದ ಕೈ ಮೊನ್ನೆ ಚೆಲ್ಲಿಲ್ಲ ಅಂತ ಹ್ಯಾಗೆ ರುಜು ಹಾಕ್ಲಿ? ನಾಳೆ ಮೇಲಿನೋರಿಗೆ ಗೊತ್ತಾದ್ರೆ ಇವರ ಜೊತೆ ನಾನೂ ಮನೆಗೆ ಹೋಗ್ಬೇಕು."

ಕೆಂಪು ಪೆನ್ಸಿಲ್ ತೆಗೆದು ಇಪ್ಪತ್ತೇಳು ಸೊನ್ನೆಗಳ ಮೇಲೂ ಗೆರೆ ಎಳೆದರು. "ಇವತ್ತಿಂದ ಹೊಸದಾಗಿ ಶುರು ಮಾಡಿ. ಪೈರು ಹೆಂಗೂ ಹೋಯ್ತು. ಇನ್ನು ಇಪ್ಪತ್ತೆಂಟು ದಿನದೊಳಗೆ ಒಂದು ತುಂತುರು ಬಿದ್ರೂ ಡಿಪೋ ಕಥೆ ಮುಗೀತು."

ಸೈಕಲ್ ಹೋಯಿತು. ಶ್ರೀರಂಗಮ್ಮ ಆಕಾಶಕ್ಕೆ ಕೈ ಮುಗಿದರು. ಹೆದರಿದ ಕಣ್ಣುಗಳನ್ನು ಮಗನ ಕಡೆ ತಿರುಗಿಸಿದರು.

"ಅನಂತೂ, ಮಳೆ ಬೇಡಪ್ಪಾ ಅಂತ ದೇವರನ್ನ ಹ್ಯಾಗೋ ಕೇಳ್ಕೊಳ್ಳೋದು?"